ಕಥೆ ಚೆನ್ನಾಗಿದ್ದರೆ ಸಾಕೇ, ಮತ್ತೆ ಆಡುವಂತೆಯೂ ಇರಬೇಕೇ?

ಪ್ರಶ್ನೆ: ಕಥೆಯೇ ಪ್ರಧಾನವಾದ ವಿಡಿಯೋ ಗೇಮ್‌ಗಳ ಬಗ್ಗೆ ನಮ್ಮ ಗೆಳೆಯರಲ್ಲಿ ಒಂದೇ ವಾದ ಮತ್ತೆ ಮತ್ತೆ ಬರುತ್ತದೆ. ಒಂದು ಸಲ ಮುಗಿಸಿದ ಮೇಲೆ ತೆರೆಯಲು ಕಾರಣವೇ ಇಲ್ಲದ ಗೇಮ್, ಕಥೆ ಎಷ್ಟೇ ಚೆನ್ನಾಗಿದ್ದರೂ ಅರೆಬರೆ ಗೇಮ್ ಎಂದು ಒಬ್ಬರು. ಹತ್ತಾರು ಎಂಡಿಂಗ್ ತುರುಕಿದ ಗೇಮ್‌ಗಳಲ್ಲಿ ಕಥೆ ತೆಳುವಾಗುತ್ತದೆ ಎಂದು ಇನ್ನೊಬ್ಬರು. ಯಾರು ಸರಿ? ಎರಡನೇ ಸಲ ಆಡಲು ಯೋಗ್ಯವಾದ ಗೇಮ್ ಯಾವುದೆಂದು ಗುರುತಿಸುವುದು ಹೇಗೆ, ಆಡುವುದಾದರೆ ಹೇಗೆ ಆಡಬೇಕು?

ಉತ್ತರ: ಇಬ್ಬರೂ ಎಣಿಸುತ್ತಿರುವುದು ಎಂಡಿಂಗ್‌ಗಳನ್ನು. ವಾದ ನಿಂತಲ್ಲೇ ನಿಂತಿರುವುದಕ್ಕೆ ಅದೇ ಕಾರಣ. ಎಷ್ಟು ಅಂತ್ಯಗಳಿವೆ ಎಂಬ ಲೆಕ್ಕದಿಂದ ಗೇಮನ್ನು ಮತ್ತೆ ಆಡಬೇಕೇ ಬೇಡವೇ ಎಂಬುದು ತಿಳಿಯುವುದಿಲ್ಲ. ಕೇಳಬೇಕಾದದ್ದು ಇದು: ಮೊದಲ ಸಲ ನೋಡಿದ ಅದೇ ದೃಶ್ಯ ಎರಡನೇ ಸಲ ಬಂದಾಗ, ಅಂದು ಹೇಳದಿದ್ದ ಏನನ್ನಾದರೂ ಹೇಳುತ್ತದೆಯೇ? ಹೇಳುತ್ತದೆ ಎಂದಾದರೆ ಒಂದೇ ಅಂತ್ಯವಿದ್ದರೂ ಆ ಗೇಮ್ ಮತ್ತೆ ಆಡುವಂಥದ್ದು. ಇಲ್ಲ ಎಂದಾದರೆ ಇಪ್ಪತ್ತು ಅಂತ್ಯಗಳಿದ್ದರೂ ಎರಡನೇ ಸುತ್ತು ಬರೀ ಬಟನ್ ಒತ್ತುವ ಕೆಲಸ. ಕೆಲವು ಗೇಮ್‌ಗಳಂತೂ ಒಂದೇ ಸಲಕ್ಕೆಂದು ಕಟ್ಟಿದವು. ಅದು ಅವುಗಳ ಕೊರತೆ ಅಲ್ಲ ಎಂಬುದನ್ನೂ ಮುಂದೆ ವಿವರಿಸುತ್ತೇನೆ.

ಮುಂದಿನ ಉದಾಹರಣೆಗಳಲ್ಲಿ ಗೇಮ್‌ಗಳ ರಚನೆಯ ಮಾತು ಬರುತ್ತದೆ. ಕೊಲೆಗಾರ ಯಾರು, ಕೊನೆಗೆ ಯಾರು ಸಾಯುತ್ತಾರೆ ಎಂಬಂಥ ಸ್ಪಾಯ್ಲರ್‌ಗಳನ್ನು ಆದಷ್ಟು ದೂರ ಇಟ್ಟಿದ್ದೇನೆ.

ಮೊದಲು ನಿಮ್ಮ ಎರಡನೇ ಗೆಳೆಯರ ಆಕ್ಷೇಪ, ಏಕೆಂದರೆ ಅದರ ಹಿಂದೆ ನಿಜವಾದ ಕಾರಣವಿದೆ. ಒಂದು ಕಥೆಯಲ್ಲಿ ಎರಡೆರಡು ದಾರಿಯ ಹತ್ತು ಆಯ್ಕೆಗಳಿದ್ದು, ಪ್ರತಿಯೊಂದೂ ಕಥೆಯನ್ನು ಶಾಶ್ವತವಾಗಿ ಸೀಳುತ್ತದೆ ಎಂದುಕೊಳ್ಳಿ. ಕೊನೆಗೆ 1,024 ಬೇರೆ ಬೇರೆ ಕಥೆಗಳಾಗುತ್ತವೆ. ಪ್ರತಿ ದೃಶ್ಯವನ್ನೂ ಬರೆಯಬೇಕು, ಕಲಾವಿದರಿಂದ ಧ್ವನಿ ಕೊಡಿಸಬೇಕು, ಅನಿಮೇಷನ್ ಮಾಡಬೇಕು, ಹಲವು ಭಾಷೆಗಳಿಗೆ ಅನುವಾದಿಸಬೇಕು, ಪ್ರತಿ ಜೋಡಣೆಯಲ್ಲೂ ದೋಷವಿಲ್ಲ ಎಂದು ಆಡಿ ಪರೀಕ್ಷಿಸಬೇಕು. ಯಾವ ಸ್ಟುಡಿಯೋಗೂ ಇದು ಸಾಧ್ಯವಿಲ್ಲ. ಹಾಗಾಗಿ ಬಹುತೇಕ ಎಲ್ಲರ ಉಪಾಯ ಒಂದೇ: ಕಥೆ ಕವಲೊಡೆಯುತ್ತದೆ, ಸ್ವಲ್ಪ ದೂರ ಬೇರೆಯಾಗಿ ಹರಿಯುತ್ತದೆ, ಮತ್ತೆ ಒಂದು ಇಕ್ಕಟ್ಟಿನಲ್ಲಿ ಕೂಡಿಕೊಳ್ಳುತ್ತದೆ. ನೀವು ಏನು ಆರಿಸಿದಿರಿ ಎಂಬುದು ಗೇಮಿನ ಒಳಗೆ ಒಂದು ಸಣ್ಣ ಗುರುತಾಗಿ ಉಳಿಯುತ್ತದೆ. ಇದನ್ನು ಫ್ಲ್ಯಾಗ್ ಎನ್ನುತ್ತಾರೆ. ಮುಂದೆ ಯಾವುದೋ ಪಾತ್ರ ಆ ಫ್ಲ್ಯಾಗ್ ನೋಡಿ ಒಂದು ಮಾತು ಬದಲಿಸುತ್ತದೆ, ಇಲ್ಲವೇ ಒಂದು ಬಾಗಿಲು ತೆರೆಯುತ್ತದೆ.

ಟೆಲ್‌ಟೇಲ್ ಸ್ಟುಡಿಯೋ 2012ರಲ್ಲಿ ಐದು ಕಂತುಗಳಲ್ಲಿ ತಂದ ‘ದಿ ವಾಕಿಂಗ್ ಡೆಡ್’ ಈ ವಿಧಾನದ ಅತ್ಯಂತ ಪ್ರಸಿದ್ಧ ಮಾದರಿ. ನಿಮ್ಮ ಮಾತನ್ನು ಈ ಪಾತ್ರ ನೆನಪಿಟ್ಟುಕೊಳ್ಳುತ್ತದೆ ಎಂದು ಪರದೆಯ ಮೂಲೆಯಲ್ಲಿ ಬರಹ ಮೂಡುತ್ತದೆ. ಮೊದಲ ಕಂತಿನಲ್ಲಿ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದು. ಯಾರನ್ನು ಉಳಿಸಿದರೂ ಕಥೆ ಕೆಲವು ಗಂಟೆಗಳ ನಂತರ ಒಂದೇ ರಸ್ತೆಗೆ ಬರುತ್ತದೆ. ಇದನ್ನು ಕಂಡುಕೊಂಡವರು ಮೋಸಹೋದೆವು ಎಂದು ಕೋಪಿಸಿಕೊಂಡರು. ಆ ಕೋಪ ಅರ್ಥವಾಗುವಂಥದ್ದೇ, ಆದರೂ ಅವರ ತೀರ್ಪನ್ನು ನಾನು ಒಪ್ಪುವುದಿಲ್ಲ. ಆ ಕಥೆಯ ನಿಜವಾದ ವಿಷಯ ಒಬ್ಬ ಹಿರಿಯ ಒಂದು ಚಿಕ್ಕ ಹುಡುಗಿಗೆ ಏನನ್ನು ಕಲಿಸುತ್ತಾನೆ ಎಂಬುದು. ಘಟನೆಗಳು ಬದಲಾಗದಿದ್ದರೂ ಆ ಹುಡುಗಿಯ ಎದುರು ನೀವು ಎಂಥವರಾಗಿ ನಿಂತಿರಿ ಎಂಬುದು ಬದಲಾಗುತ್ತದೆ. ಅಂದರೆ ಮೊದಲ ಸಲಕ್ಕೆ ಅದು ಬಹಳ ಒಳ್ಳೆಯ ಕಥೆ, ಎರಡನೇ ಸಲಕ್ಕೆ ಸಾಧಾರಣ ಗೇಮ್. ಎರಡೂ ತೀರ್ಪುಗಳು ಒಟ್ಟಿಗೆ ನಿಲ್ಲುತ್ತವೆ. ಕಥೆಯ ಗುಣವನ್ನೂ ಮತ್ತೆ ಆಡುವ ಗುಣವನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎನ್ನುವುದು ಇದಕ್ಕೇ.

ಕೂಡಿಕೊಳ್ಳದೆ ನಿಜವಾಗಿಯೂ ಸೀಳಿಹೋಗುವ ಗೇಮ್‌ಗಳೂ ಇವೆ. 2011ರ ‘ದಿ ವಿಚರ್ 2’ರಲ್ಲಿ ಮೊದಲ ಅಂಕದ ಕೊನೆಗೆ ನೀವು ರೋಚ್ ಎಂಬ ಸೇನಾಧಿಕಾರಿಯ ಜೊತೆ ಹೋಗುತ್ತೀರೋ ಇಯೊರ್ವೆತ್ ಎಂಬ ಬಂಡಾಯಗಾರನ ಜೊತೆಗೋ ಎಂಬುದರ ಮೇಲೆ ಎರಡನೇ ಅಂಕದ ನೆಲೆಯೇ ಬೇರೆಯಾಗುತ್ತದೆ. ಒಂದರಲ್ಲಿ ನೀವು ಮುತ್ತಿಗೆ ಹಾಕುವ ಸೈನ್ಯದ ಶಿಬಿರದಲ್ಲಿ, ಇನ್ನೊಂದರಲ್ಲಿ ಮುತ್ತಿಗೆಗೆ ಒಳಗಾದ ವೆರ್ಗೆನ್ ಪಟ್ಟಣದಲ್ಲಿ. ಪಾತ್ರಗಳು, ಕ್ವೆಸ್ಟ್‌ಗಳು (ಆಟಗಾರನಿಗೆ ಒಪ್ಪಿಸುವ ಕೆಲಸಗಳು), ಯುದ್ಧವನ್ನು ನೋಡುವ ಕಣ್ಣು, ಎಲ್ಲವೂ ಬೇರೆ. ಎರಡನೇ ಸಲ ಆಡುವವರಿಗೆ ಇದು ಹಬ್ಬ. ಆದರೆ ಒಂದೇ ಸಲ ಆಡಿದವರಿಗೆ ಎರಡನೇ ಅಂಕದ ಒಂದು ಇಡೀ ಪಕ್ಷ ಕಾಣುವುದೇ ಇಲ್ಲ. ಸ್ಟುಡಿಯೋ ಅಷ್ಟು ದುಡಿಮೆ ಸುರಿದು, ಬಹಳ ಆಟಗಾರರು ನೋಡದ ಭಾಗವನ್ನು ಕಟ್ಟಿರುತ್ತದೆ. ಇಂಥ ರಚನೆ ಅಪರೂಪವಾಗಿರುವುದು ಈ ಕಾರಣಕ್ಕೆ.

ಹಾಗಾದರೆ ಕಥೆ ತೆಳುವಾಗುವುದು ಎಲ್ಲಿ? ಬರವಣಿಗೆಯ ಮಟ್ಟದಲ್ಲೇ ಇದನ್ನು ಹಿಡಿಯಬಹುದು. ಹಲವು ದಾರಿಗಳಿಂದ ಬಂದವರೆಲ್ಲ ಒಂದೇ ದೃಶ್ಯವನ್ನು ನೋಡಬೇಕು ಎಂದಾಗ, ಬರಹಗಾರರು ಯಾರ ದಾರಿಗೂ ಅಡ್ಡಿಯಾಗದ ಮಾತನ್ನು ಬರೆಯತೊಡಗುತ್ತಾರೆ. ‘ಅಂದು ನಡೆದದ್ದನ್ನು ಮರೆಯಲಾರೆ’ ಎನ್ನುತ್ತದೆ ಪಾತ್ರ. ಅಂದು ಏನು ನಡೆಯಿತು, ಯಾರು ಹೋದರು, ತಪ್ಪು ಯಾರದು, ಒಂದನ್ನೂ ಹೇಳುವುದಿಲ್ಲ. ಹೇಳಿದರೆ ಇನ್ನೊಂದು ದಾರಿಯಿಂದ ಬಂದ ಆಟಗಾರನಿಗೆ ಅದು ಸುಳ್ಳಾಗುತ್ತದೆ. ಹೆಸರಿಲ್ಲದ, ಸ್ಥಳವಿಲ್ಲದ, ಎಲ್ಲರಿಗೂ ಒಪ್ಪುವ ಇಂಥ ಮಾತು ಒಂದರ ಹಿಂದೊಂದು ಕೇಳತೊಡಗಿದರೆ ಆಯ್ಕೆಗಳು ಕಥೆಯನ್ನು ಸವೆಸುತ್ತಿವೆ ಎಂದು ತಿಳಿಯಿರಿ. ಇದಕ್ಕೆ ಬದಲಾಗಿ ಮೂರು ಗಂಟೆ ಹಿಂದೆ ನೀವು ಬಿಟ್ಟುಬಂದ ವ್ಯಕ್ತಿಯ ಹೆಸರನ್ನು ಒಂದು ಪಾತ್ರ ತಾನಾಗಿಯೇ ಎತ್ತಿದರೆ, ಆ ಸ್ಟುಡಿಯೋ ನಿಮ್ಮ ಆಯ್ಕೆಗೆ ನಿಜವಾಗಿ ಖರ್ಚು ಮಾಡಿದೆ.

ಒಂದೇ ಸರಣಿಯಲ್ಲಿ ಎರಡೂ ತುದಿಗಳನ್ನು ನೋಡಬೇಕೆಂದರೆ ‘ಮಾಸ್ ಎಫೆಕ್ಟ್’ ಇದೆ. 2010ರ ಎರಡನೇ ಭಾಗದ ಕೊನೆಯ ಕಾರ್ಯಾಚರಣೆಯಲ್ಲಿ ಯಾರು ಬದುಕುತ್ತಾರೆ ಎಂಬುದಕ್ಕೆ ಸ್ಪಷ್ಟ ಕಾರಣಗಳಿವೆ: ಬಾಹ್ಯಾಕಾಶ ಹಡಗಿಗೆ ರಕ್ಷಾಕವಚ, ಶೀಲ್ಡ್, ತೋಪು ಹಾಕಿಸಿದಿರೇ, ಪ್ರತಿ ಸಂಗಾತಿಯ ಸ್ವಂತ ಕ್ವೆಸ್ಟ್ ಮುಗಿಸಿ ಅವರ ನಿಷ್ಠೆ ಗಳಿಸಿದಿರೇ, ಯಂತ್ರ ಬಲ್ಲವರಿಗೇ ಯಂತ್ರದ ಕೆಲಸ, ದಳ ನಡೆಸಬಲ್ಲವರಿಗೇ ದಳ ಕೊಟ್ಟಿರೇ, ಸಿಬ್ಬಂದಿ ಅಪಹರಣವಾದ ಮೇಲೆ ಹೊರಡಲು ತಡ ಮಾಡಿದಿರೇ. ಒಬ್ಬ ಸಂಗಾತಿ ಸತ್ತರೆ ಏಕೆ ಸತ್ತರು ಎಂದು ಆಟಗಾರ ಹಿಂದಿರುಗಿ ನೋಡಿ ಹೇಳಬಲ್ಲ. 2012ರ ಮೂರನೇ ಭಾಗದ ಕೊನೆಯಲ್ಲಿ ಮೂರು ಗೇಮ್‌ಗಳ ಎಲ್ಲ ಆಯ್ಕೆಗಳೂ ಒಂದು ಅಂಕಿಯೊಳಗೆ ಕರಗಿ, ಕೊನೆಯ ಕೋಣೆಯಲ್ಲಿ ಬಣ್ಣ ಬೇರೆ, ರೂಪ ಹೆಚ್ಚುಕಡಿಮೆ ಒಂದೇ ಆದ ಅಂತ್ಯಗಳು ಉಳಿದವು. ಪ್ರತಿಭಟನೆ ಎಷ್ಟಾಯಿತೆಂದರೆ ಅದನ್ನು ತಯಾರಿಸಿದ ಬಯೋವೇರ್ ಸ್ಟುಡಿಯೋ ಅದೇ ವರ್ಷ ಜೂನ್‌ನಲ್ಲಿ ವಿಸ್ತರಿಸಿದ ಅಂತ್ಯವನ್ನು ಉಚಿತವಾಗಿ ಬಿಡುಗಡೆ ಮಾಡಿತು. ಅಂತ್ಯಗಳ ಸಂಖ್ಯೆ ಅಲ್ಲಿ ಕಡಿಮೆಯಾಗಿತ್ತು ಎಂದಲ್ಲ. ಮಾಡಿದ್ದಕ್ಕೂ ಆದದ್ದಕ್ಕೂ ನಡುವಿನ ದಾರ ಕಡಿದುಹೋಗಿತ್ತು.

ಆ ದಾರವನ್ನು ಅತ್ಯಂತ ಸೂಕ್ಷ್ಮವಾಗಿ ಎಳೆದದ್ದು 2015ರ ‘ದಿ ವಿಚರ್ 3’. ಸಿರಿ ಎಂಬ ಸಾಕುಮಗಳ ಗತಿ ಏನಾಗುತ್ತದೆ ಎಂಬುದು ಯಾವ ದೊಡ್ಡ ಕವಲಿನಲ್ಲೂ ನಿರ್ಧಾರವಾಗುವುದಿಲ್ಲ. ಅವಳು ಕುಗ್ಗಿದಾಗ ಹಿಮದ ಉಂಡೆ ಎಸೆದು ಆಡುತ್ತೀರೋ, ಸುಮ್ಮನೆ ಕುಡಿಯಲು ಕರೆಯುತ್ತೀರೋ; ಅವಳು ಒಬ್ಬಳೇ ಮಾತಾಡಿಬರಲು ಬಿಡುತ್ತೀರೋ, ನೀವೂ ಹಿಂದೆ ಹೋಗುತ್ತೀರೋ; ಇಂಥ ಕೆಲವೇ ಚಿಕ್ಕ ಗಳಿಗೆಗಳು ಸೇರಿ ಅಂತ್ಯವನ್ನು ಕಟ್ಟುತ್ತವೆ. ಇವು ಚದುರಿದಂತೆ ಕಂಡರೂ ಎಲ್ಲದರ ಒಳಗೂ ಇರುವ ಪ್ರಶ್ನೆ ಒಂದೇ: ಮಗಳನ್ನು ನಂಬುತ್ತೀರಾ, ಕಾಯುತ್ತೀರಾ? ಹಾಗಾಗಿ ಅಂತ್ಯ ಕಥೆಯ ಹೊಟ್ಟೆಯೊಳಗಿಂದಲೇ ಬಂದಂತೆ ಅನ್ನಿಸುತ್ತದೆ. ಇಂಥ ಗೇಮನ್ನು ಗೈಡ್ ಹಿಡಿದು ಆಡುವವರು ಅದರ ಕಥೆಯನ್ನು ತಾವೇ ಕೊಂದುಕೊಳ್ಳುತ್ತಾರೆ. ಯಾವ ಉತ್ತರ ಒಳ್ಳೆಯ ಅಂತ್ಯಕ್ಕೆ ಒಯ್ಯುತ್ತದೆ ಎಂದು ಗೊತ್ತಿದ್ದಾಗ ನೀವು ಮಗಳ ಜೊತೆ ಮಾತಾಡುತ್ತಿರುವುದಿಲ್ಲ, ಅಂಕ ಸೇರಿಸುತ್ತಿರುತ್ತೀರಿ.

ಇಲ್ಲಿಯವರೆಗೆ ಹೇಳಿದ್ದು ಘಟನೆಗಳು ಬದಲಾಗುವ ಗೇಮ್‌ಗಳ ಬಗ್ಗೆ. ಮತ್ತೆ ಆಡಲು ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೆರಡು ಕಡೆ ಇರುತ್ತದೆ. ವಾದಗಳಲ್ಲಿ ಅವು ಎರಡೂ ಬಿಟ್ಟುಹೋಗುತ್ತವೆ.

ಒಂದು, ನೋಡುವ ವ್ಯಕ್ತಿ ಬದಲಾಗುವುದು. 2019ರ ‘ಡಿಸ್ಕೊ ಎಲಿಸಿಯಮ್’ ಇದರ ಶಿಖರ. ನೆನಪು ಕಳೆದುಕೊಂಡ ಪತ್ತೇದಾರನೊಬ್ಬ ಒಂದು ಕೊಲೆಯನ್ನು ಬಿಡಿಸಬೇಕು. ಕೊಲೆ ಅದೇ, ಕೊಲೆಗಾರ ಅದೇ, ಊರು ಅದೇ. ಆದರೆ ಅವನ ತಲೆಯೊಳಗೆ 24 ಸ್ಕಿಲ್‌ಗಳಿವೆ, ಪ್ರತಿಯೊಂದಕ್ಕೂ ತನ್ನದೇ ದನಿ ಮತ್ತು ಸ್ವಭಾವ. ಬುದ್ಧಿ, ಮನಸ್ಸು, ದೇಹ, ಚಲನೆ ಎಂಬ ನಾಲ್ಕು ಗುಂಪುಗಳಲ್ಲಿ ನೀವು ಆರಂಭದಲ್ಲೇ ಅಂಕ ಹಂಚುತ್ತೀರಿ. ಸಂಭಾಷಣೆ ನಡೆಯುತ್ತಿದ್ದಂತೆ ಗೇಮ್ ನಿಮಗೆ ತೋರಿಸದೆ ಈ ಸ್ಕಿಲ್‌ಗಳನ್ನು ಪರೀಕ್ಷಿಸುತ್ತಿರುತ್ತದೆ. ಸಾಕಷ್ಟು ಅಂಕವಿರುವ ಸ್ಕಿಲ್ ಮಧ್ಯೆ ಬಾಯಿ ಹಾಕುತ್ತದೆ. ಎದುರಿನವನು ಸುಳ್ಳು ಹೇಳುತ್ತಿದ್ದಾನೆ ಎಂದು ಒಂದು ಪಿಸುಗುಟ್ಟಿದರೆ, ಕೈಗೆ ಸಿಕ್ಕ ವಸ್ತುವಿನ ಇತಿಹಾಸವನ್ನು ಇನ್ನೊಂದು ಉಪನ್ಯಾಸ ಮಾಡುತ್ತದೆ, ಅವನನ್ನು ಹೊಡೆ ಎಂದು ಮತ್ತೊಂದು ಕೂಗುತ್ತದೆ. ಬುದ್ಧಿಗೆ ಅಂಕ ಸುರಿದವರಿಗೂ ದೇಹಕ್ಕೆ ಸುರಿದವರಿಗೂ ಅದೇ ಕೋಣೆಯ ಅದೇ ಮಾತುಕತೆ ಬೇರೆಯೇ ಬರವಣಿಗೆಯಾಗಿ ಸಿಗುತ್ತದೆ. ಘಟನೆ ಬದಲಿಸದೆಯೇ ಎರಡನೇ ಓದನ್ನು ಹೊಸದಾಗಿಸುವ ವಿಧಾನ ಇದು.

ಅದೇ ಗೇಮಿನ ದಾಳದ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಬಹಿರಂಗ ಪರೀಕ್ಷೆಗಳಲ್ಲಿ ಎರಡು ದಾಳ ಉರುಳುತ್ತವೆ. ಎರಡೂ ಒಂದು ಬಿದ್ದರೆ ಖಚಿತ ಸೋಲು, ಎರಡೂ ಆರು ಬಿದ್ದರೆ ಖಚಿತ ಗೆಲುವು, ತಲಾ 36ರಲ್ಲಿ ಒಂದು ಸಾಧ್ಯತೆ. ಅದಕ್ಕೇ ಪರದೆಯ ಮೇಲಿನ ಸಾಧ್ಯತೆ ಶೇ 3ಕ್ಕಿಂತ ಇಳಿಯುವುದಿಲ್ಲ, ಶೇ 97ಕ್ಕಿಂತ ಏರುವುದಿಲ್ಲ. ಈ ಪರೀಕ್ಷೆಗಳು ಬಿಳಿ, ಕೆಂಪು ಎಂದು ಎರಡು ಬಗೆ. ಬಿಳಿ ಪರೀಕ್ಷೆಯಲ್ಲಿ ಸೋತರೆ ಆ ಸ್ಕಿಲ್‌ಗೆ ಅಂಕ ಸೇರಿಸಿ ಮತ್ತೆ ಪ್ರಯತ್ನಿಸಬಹುದು, ಕೆಂಪಿನದಕ್ಕೆ ಒಂದೇ ಅವಕಾಶ. ಕೆಂಪಿನಲ್ಲಿ ಸೋತ ಕೂಡಲೇ ಹಿಂದಿನ ಸೇವ್, ಅಂದರೆ ಉಳಿಸಿಟ್ಟ ಆಟ, ಲೋಡ್ ಮಾಡುವ ಅಭ್ಯಾಸ ಇಲ್ಲಿ ನಷ್ಟ. ಸೋಲಿಗೆ ಬರೆದ ದೃಶ್ಯಗಳು ಹಲವು ಕಡೆ ಗೆಲುವಿನ ದೃಶ್ಯಗಳಿಗಿಂತ ಮಿಗಿಲಾಗಿವೆ.

ಇದೇ ದಾರಿಯಲ್ಲಿ ಇನ್ನೂ ಶಾಂತವಾಗಿ ನಡೆಯುವುದು ‘ಕೆಂಟಕಿ ರೂಟ್ ಝೀರೊ’. 2013ರಿಂದ 2020ರವರೆಗೆ ಐದು ಅಂಕಗಳಾಗಿ ಬಂದ ಈ ಗೇಮಿನಲ್ಲಿ ನೀವು ಆರಿಸುವ ಮಾತು ಘಟನೆಗಳನ್ನು ಅಲುಗಿಸುವುದಿಲ್ಲ. ಆ ಮನುಷ್ಯನ ಹಿಂದಿನ ಬದುಕು ಏನಿತ್ತು ಎಂಬುದನ್ನು ನಿಮ್ಮ ಮಾತೇ ನಿಶ್ಚಯಿಸುತ್ತದೆ. 2022ರ ‘ಪೆಂಟಿಮೆಂಟ್’ 16ನೇ ಶತಮಾನದ ಬವೇರಿಯಾದಲ್ಲಿ ನಡೆಯುತ್ತದೆ. ಪತ್ತೆಗೆ ಇರುವ ಹೊತ್ತು ಕಡಿಮೆ, ಎಲ್ಲ ಸುಳಿವುಗಳ ಹಿಂದೆ ಹೋಗಲು ಆಗುವುದಿಲ್ಲ. ಯಾರ ಮನೆಯಲ್ಲಿ ಊಟಕ್ಕೆ ಕೂತಿರಿ ಎಂಬುದರ ಮೇಲೆ ಯಾರ ಕಥೆ ಕೇಳಿದಿರಿ ಎಂಬುದು ನಿಂತಿದೆ. ನೀವು ಬೆರಳು ತೋರಿದವನೇ ಅಪರಾಧಿಯೇ ಎಂದು ಗೇಮ್ ಮುದ್ರೆ ಒತ್ತುವುದಿಲ್ಲ. ಎರಡನೇ ಸಲ ಬೇರೆ ಸುಳಿವು ಹಿಡಿದರೆ ಅಷ್ಟೇ ಬಲವಾದ ಇನ್ನೊಂದು ಆರೋಪ ಸಿದ್ಧವಾಗುತ್ತದೆ. ಆಗ ಮೊದಲ ಸಲದ ತೀರ್ಮಾನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಆಡುವುದರಿಂದಲೇ ಕಥೆಯ ತೂಕ ಹೆಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡನೆಯದು, ನಿಮ್ಮ ತಿಳಿವು ಬದಲಾಗುವುದು. ಒಂದೇ ದಾರಿಯ ಕಥೆಗಳು ಮತ್ತೆ ಆಡುವಂತಾಗುವುದು ಇಲ್ಲಿ, ನಿಮ್ಮ ಮೊದಲ ಗೆಳೆಯರು ಗಮನಿಸದೆ ಬಿಟ್ಟಿರುವುದೂ ಇದನ್ನೇ. 2013ರ ‘ದಿ ಲಾಸ್ಟ್ ಆಫ್ ಅಸ್’ನಲ್ಲಿ ಆಯ್ಕೆ ಎಂಬುದೇ ಇಲ್ಲ. ಆದರೆ ಕೊನೆಯ ಮಾತು ಕೇಳಿದ ಮೇಲೆ ಮೊದಲಿಂದ ಆಡಿನೋಡಿ. ದಾರಿಯಲ್ಲಿನ ಪ್ರತಿ ಹಗುರ ಮಾತು, ಪ್ರತಿ ಮೌನ ಬೇರೆಯಾಗಿ ಕೇಳಿಸುತ್ತದೆ. 2007ರ ‘ಬಯೋಶಾಕ್’ನಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ಪದೇ ಪದೇ ಬರುವ ಒಂದು ಸಭ್ಯ ವಿನಂತಿಯಿದೆ. ರಹಸ್ಯ ಗೊತ್ತಾದ ಮೇಲೆ ಅದೇ ಮಾತು ಬೆನ್ನು ತಣ್ಣಗಾಗಿಸುತ್ತದೆ. ಸ್ಟುಡಿಯೋ ಎರಡನೇ ಸಲಕ್ಕೆಂದು ಒಂದು ಸಾಲನ್ನೂ ಹೊಸದಾಗಿ ಬರೆದಿಲ್ಲ, ಬರೆದದ್ದನ್ನೇ ಎರಡು ಅರ್ಥ ಹೊರುವಂತೆ ಬರೆದಿದೆ.

ಇದನ್ನೇ ರಚನೆಯಾಗಿ ಕಟ್ಟಿದವೂ ಇವೆ. 2017ರ ‘ನಿಯರ್: ಆಟೊಮಾಟಾ’ದಲ್ಲಿ 26 ಎಂಡಿಂಗ್‌ಗಳಿವೆ, ಎ ಇಂದ ಝಡ್‌ವರೆಗೆ. ಸಂಖ್ಯೆ ನೋಡಿ ಹೆದರಬೇಡಿ. ಎ ಇಂದ ಇ ವರೆಗಿನ ಐದು ಮಾತ್ರ ಕಥೆಯ ಭಾಗ, ಉಳಿದವು ಹೆಚ್ಚಾಗಿ ಎಲ್ಲೋ ದಾರಿ ಬಿಟ್ಟರೆ ಸಿಗುವ ಪುಟ್ಟ ಮುಕ್ತಾಯಗಳು. ಮೊದಲ ಅಂತ್ಯ ಬಂದಾಗ ಗೇಮ್ ಮುಗಿಯಿತು ಎಂದು ಎದ್ದುಹೋಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಎರಡನೇ ಸುತ್ತು ಬಹುಪಾಲು ಅದೇ ಘಟನೆಗಳನ್ನು ಇನ್ನೊಂದು ಪಾತ್ರದ ಕಣ್ಣಿಂದ ತೋರಿಸುತ್ತದೆ, ಶತ್ರುಗಳ ಒಳಮನಸ್ಸು ಆಗ ಕಾಣಿಸತೊಡಗುತ್ತದೆ. ಮೂರನೆಯದು ಪೂರ್ತಿ ಹೊಸ ಕಥೆ, ಗೇಮಿನ ಜೀವ ಇರುವುದೇ ಅಲ್ಲಿ. ಎರಡನೇ ಸುತ್ತು ಸ್ವಲ್ಪ ಎಳೆದಂತಾಗುತ್ತದೆ ಎಂಬ ದೂರು ನ್ಯಾಯವಾದದ್ದು. ಡಿಫಿಕಲ್ಟಿ ಇಳಿಸಿ, ಸೈಡ್ ಕ್ವೆಸ್ಟ್‌ಗಳನ್ನು ಬದಿಗಿಟ್ಟು ದಾಟಿಬಿಡಿ. ಕೊನೆಯ ‘ಇ’ ಅಂತ್ಯದಲ್ಲಿ ನಿಮ್ಮ ಸೇವ್ ಅಳಿಸಲು ಒಪ್ಪುವಿರಾ ಎಂದು ಗೇಮ್ ಕೇಳುತ್ತದೆ. ಒಪ್ಪಿದರೆ ನಿಜವಾಗಿಯೂ ಅಳಿಸುತ್ತದೆ. ಉಳಿದ ಕ್ವೆಸ್ಟ್‌ಗಳನ್ನು ಮುಗಿಸುವ ಆಸೆಯಿದ್ದರೆ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.

2015ರ ‘ಅಂಡರ್‌ಟೇಲ್’ ಇನ್ನೂ ಮುಂದೆ ಹೋಗುತ್ತದೆ, ನೀವು ಮತ್ತೆ ಆಡಿದ್ದನ್ನೇ ಅದು ನೆನಪಿಟ್ಟುಕೊಳ್ಳುತ್ತದೆ. ಒಬ್ಬರನ್ನು ಕೊಂದು, ಪಶ್ಚಾತ್ತಾಪದಿಂದ ಲೋಡ್ ಮಾಡಿ ಉಳಿಸಿದರೆ ಒಂದು ಪಾತ್ರ ಅದನ್ನು ಮುಖಕ್ಕೇ ಹೇಳುತ್ತದೆ. ಇಲ್ಲಿ ಆಡುವ ಕ್ರಮ ಬಹಳ ಮುಖ್ಯ. ಮೊದಲು ನಿಮಗೆ ತೋಚಿದಂತೆ ಒಂದು ಸಾಮಾನ್ಯ ಸುತ್ತು, ನಂತರ ಯಾರನ್ನೂ ಕೊಲ್ಲದೆ ಎಲ್ಲರ ಸ್ನೇಹ ಗಳಿಸುವ ಶಾಂತಿಯ ಸುತ್ತು. ಮೊದಲ ಸಲವೇ ಯಾರನ್ನೂ ಕೊಲ್ಲದಿದ್ದರೂ ಒಮ್ಮೆ ಸಾಮಾನ್ಯ ಅಂತ್ಯ ದಾಟಿಯೇ ಪೂರ್ಣ ಶಾಂತಿಯ ಅಂತ್ಯ ತಲುಪಬೇಕು. ಎಲ್ಲರನ್ನೂ ಕೊಲ್ಲುವ ದಾರಿಯನ್ನು ಕೊನೆಯವರೆಗೆ ಮುಗಿಸಿದರೆ, ಆಮೇಲೆ ಆಡುವ ಶಾಂತಿಯ ಅಂತ್ಯಕ್ಕೂ ಅದರ ಕಲೆ ಅಂಟುತ್ತದೆ, ಹೊಸದಾಗಿ ಶುರು ಮಾಡಿದರೂ ಹೋಗುವುದಿಲ್ಲ. ಆ ದಾರಿ ಬೇಕೇ ಬೇಕೆಂದರೆ ಕಡೆಗೆ ಇಟ್ಟುಕೊಳ್ಳಿ.

ಮತ್ತೆ ಆಡುವುದೇ ಕಥೆಯ ನಡಿಗೆಯಾಗಿರುವ ‘ಹೇಡೀಸ್’ (2020) ಪಕ್ಕದ ಓಣಿಯ ಗೇಮ್. ಸತ್ತಾಗಲೆಲ್ಲ ಮನೆಗೆ ಮರಳುತ್ತೀರಿ, ಮನೆಯವರು ಈಗಷ್ಟೇ ನಡೆದದ್ದನ್ನೇ ಎತ್ತಿ ಮಾತಾಡುತ್ತಾರೆ. ಮುಖ್ಯ ಕಥೆ ಮುಗಿಯಲು ಹತ್ತು ಸಲ ಪಾತಾಳದಿಂದ ತಪ್ಪಿಸಿಕೊಂಡು ಹೊರಬರಬೇಕು. ಅದನ್ನು ಕವಲೊಡೆಯುವ ಕಥೆಗಳ ಜೊತೆ ಹೋಲಿಸಿ ವಾದ ಮಾಡಿದರೆ ಎರಡಕ್ಕೂ ಅನ್ಯಾಯ.

ಇನ್ನು ಒಂದೇ ಸಲದ ಗೇಮ್‌ಗಳು. 2019ರ ‘ಔಟರ್ ವೈಲ್ಡ್ಸ್’ನಲ್ಲಿ 22 ನಿಮಿಷಕ್ಕೊಮ್ಮೆ ಕಾಲ ಹಿಂದಕ್ಕೆ ಸುತ್ತುತ್ತದೆ. ಹೊಸ ಆಯುಧ, ಹೊಸ ಶಕ್ತಿ ಯಾವುದೂ ಸಿಗುವುದಿಲ್ಲ. ಒಂದು ಗ್ರಹದಲ್ಲಿ ಓದಿದ ಬರಹ ಇನ್ನೊಂದು ಗ್ರಹದ ಬಾಗಿಲಿಗೆ ಕೀಲಿ. ನಿಮ್ಮ ಜೊತೆ ಮುಂದಿನ ಸುತ್ತಿಗೆ ಬರುವುದು ತಿಳಿವು ಮಾತ್ರ, ಎಲ್ಲ ತಿಳಿದವರು ಒಂದೇ ಸುತ್ತಿನಲ್ಲಿ ಕೊನೆ ಮುಟ್ಟಬಹುದು. ಅಂದರೆ ಅದನ್ನು ಮತ್ತೆ ಮೊದಲ ಸಲದಂತೆ ಆಡಲು ಆಗುವುದೇ ಇಲ್ಲ. 2018ರ ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ ಕೂಡ ಹಾಗೆ. ಹಡಗಿನಲ್ಲಿದ್ದ 60 ಜನರ ಹೆಸರು ಮತ್ತು ಗತಿಯನ್ನು ಊಹಿಸಬೇಕು, ಮೂರು ಸರಿಯಾದಾಗ ಮಾತ್ರ ಗೇಮ್ ಖಚಿತಪಡಿಸುತ್ತದೆ. ಇವುಗಳಲ್ಲಿ ಮತ್ತೆ ಆಡುವ ಗುಣವನ್ನು ತುರುಕಬೇಕೆಂದರೆ ಉತ್ತರಗಳನ್ನು ಪ್ರತಿ ಸಲ ಕಲಸಬೇಕಾಗುತ್ತದೆ. ಆಗ ಪ್ರತಿ ಸುಳಿವೂ ಕೈಯಿಂದ ಕಟ್ಟಿದ್ದು ಎಂಬ ಬಿಗಿ ಹೋಗುತ್ತದೆ. ಇವುಗಳನ್ನು ಅರೆಬರೆ ಎನ್ನುವ ನಿಮ್ಮ ಗೆಳೆಯರ ಮಾತು ಸರಿಯಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ. ಇಂಥ ಗೇಮಿನ ಎರಡನೇ ಸುತ್ತು ಎಂದರೆ ಗೊತ್ತಿಲ್ಲದವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಅವರು ಆಡುವುದನ್ನು ನೋಡುವುದು.

ಮತ್ತೆ ಆಡಲು ಯೋಗ್ಯವೇ ಎಂದು ಗುರುತಿಸುವ ವಿಷಯಕ್ಕೆ ಬರೋಣ. ಜಾಹೀರಾತಿನ ಎಂಡಿಂಗ್ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಕವಲು ಎಲ್ಲಿ ಬರುತ್ತದೆ ಎಂದು ನೋಡಿ. 2011ರ ‘ಡೀಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ನಲ್ಲಿ ನಾಲ್ಕು ಅಂತ್ಯಗಳಿವೆ, ನಾಲ್ಕನ್ನೂ ಕೊನೆಯ ಕೋಣೆಯಲ್ಲೇ ಆರಿಸಬಹುದು. 2015ರ ‘ಲೈಫ್ ಈಸ್ ಸ್ಟ್ರೇಂಜ್’ ಕೂಡ ಕೊನೆಯಲ್ಲಿ ಇಡುವುದು ಎರಡೇ ದಾರಿಗಳ ಒಂದು ಆಯ್ಕೆ. ಇಂಥಲ್ಲಿ ಕೊನೆಯ ಆಯ್ಕೆಗೆ ಮುಂಚಿನ ಒಂದು ಸೇವ್ ಇದ್ದರೆ ಸಾಕು, ಅರ್ಧ ಗಂಟೆಯ ಕೆಲಸ. ಕವಲು ಮೊದಲ ಮೂರನೇ ಒಂದು ಭಾಗದಲ್ಲಿದ್ದು, ಅದರಿಂದ ಮುಂದಿನ ಸ್ಥಳಗಳೂ ಸಂಗಾತಿಗಳೂ ಬದಲಾಗುವುದಾದರೆ ಮಾತ್ರ ಮೊದಲಿಂದ ಆಡುವುದಕ್ಕೆ ಅರ್ಥವಿದೆ.

ಮೊದಲ ಸುತ್ತಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಆರಂಭದ ಎರಡು ಮೂರು ಗಂಟೆಗಳೊಳಗೆ ಗಮನಾರ್ಹವಾದ ಒಂದು ಆಯ್ಕೆ ಬಂದಾಗ ಬೇರೆ ಸ್ಲಾಟಿನಲ್ಲಿ ಸೇವ್ ಮಾಡಿಟ್ಟು ಮುಂದೆ ಹೋಗಿ. ಗೇಮ್ ಮುಗಿದ ಮೇಲೆ ಆ ಸೇವ್ ತೆರೆದು ಇನ್ನೊಂದು ಉತ್ತರ ಕೊಟ್ಟು ಒಂದು ಗಂಟೆ ಆಡಿ. ಆ ಗಂಟೆಯಲ್ಲಿ ಬದಲಾದದ್ದು ಒಂದು ಸಾಲು ಮಾತ್ರವಾದರೆ ಇಡೀ ಗೇಮಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಟೋಸೇವ್ ಮಾತ್ರ ಇರುವ ಗೇಮ್‌ಗಳಲ್ಲಿ ಇದು ಆಗುವುದಿಲ್ಲ. ಅಲ್ಲಿ ಅಧ್ಯಾಯ ಆರಿಸುವ ಮೆನು ಇದೆಯೇ ನೋಡಿ, ಹಳೆಯ ಅಧ್ಯಾಯ ತೆರೆದರೆ ಮುಂದಿನ ಪ್ರಗತಿ ಅಳಿಯುತ್ತದೆಯೇ ಎಂಬ ಎಚ್ಚರಿಕೆಯನ್ನೂ ಓದಿ. ‘ಅಂಟಿಲ್ ಡಾನ್’ನಂಥ ಗೇಮ್‌ಗಳಲ್ಲಿ ಹಿಂದಿನ ಕಂತನ್ನು ತೆರೆದರೆ ಅಲ್ಲಿಂದ ಮುಂದಿನದ್ದೆಲ್ಲ ಹೊಸದಾಗಿ ಬರೆಯಲ್ಪಡುತ್ತದೆ. 2018ರ ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ ಪ್ರತಿ ಅಧ್ಯಾಯದ ಕೊನೆಗೆ ಕವಲುಗಳ ನಕ್ಷೆಯನ್ನೇ ಬಿಡಿಸಿ ತೋರಿಸುತ್ತದೆ, ನೀವು ಹೋಗದ ದಾರಿಗಳು ಬೀಗ ಹಾಕಿದ ಚೌಕಗಳಾಗಿ ಕಾಣುತ್ತವೆ. ಮತ್ತೆ ಆಡಲು ಅನುಕೂಲವಾದ ನಕ್ಷೆ ಅದು. ಆದರೆ ಮೊದಲ ಸುತ್ತಿನಲ್ಲಿ ಅದನ್ನು ದಿಟ್ಟಿಸಿ ನೋಡಬೇಡಿ. ಕಳೆದುಕೊಂಡದ್ದರ ಲೆಕ್ಕ ತಲೆಯಲ್ಲಿ ಕೂತರೆ ಮುಂದಿನ ದೃಶ್ಯ ಮೈಗೆ ತಾಗುವುದಿಲ್ಲ.

ಆಡುವ ಬಗೆ ಬಹುಪಾಲು ಜನ ತಪ್ಪುವ ಜಾಗ. ಮುಗಿಸಿದ ಮರುದಿನವೇ ಎರಡನೇ ಸುತ್ತು ಹಿಡಿಯುತ್ತಾರೆ, ಎಲ್ಲ ಆಯ್ಕೆಗಳನ್ನೂ ತಲೆಕೆಳಗು ಮಾಡುತ್ತಾರೆ, ಹತ್ತನೇ ಗಂಟೆಗೆ ಬೇಸತ್ತು ಬಿಡುತ್ತಾರೆ. ಸಂಭಾಷಣೆ ಇನ್ನೂ ಬಾಯಿಪಾಠವಾಗಿರುವಾಗ ಬದಲಾದ ಸಾಲಿಗಿಂತ ಬದಲಾಗದ ಸಾಲೇ ಕಿವಿಗೆ ಬೀಳುತ್ತದೆ. ಮೂವತ್ತು ನಲವತ್ತು ಗಂಟೆಯ ಗೇಮಾದರೆ ಕೆಲವು ತಿಂಗಳು ಬಿಡಿ. ಎರಡು ಮೂರು ಗಂಟೆಯದಾದರೆ ಇದರ ಅಗತ್ಯವಿಲ್ಲ. ತಲೆಕೆಳಗು ಮಾಡುವುದರ ಬದಲು ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಿ: ಸುಳ್ಳು ಹೇಳಲಾರದವನು, ಹೆದರುಪುಕ್ಕಲ, ಕರ್ತವ್ಯವೇ ದೊಡ್ಡದೆನ್ನುವವನು. ಪ್ರತಿ ಆಯ್ಕೆಯಲ್ಲೂ ಅವನು ಏನು ಮಾಡುತ್ತಾನೆ ಎಂದು ಕೇಳಿಕೊಳ್ಳಿ. ಆಗ ಕೆಲವು ಉತ್ತರಗಳು ಹಿಂದಿನಂತೆಯೇ ಇರುತ್ತವೆ, ಕೆಲವು ಬೇರೆಯಾಗುತ್ತವೆ, ಕಥೆಗೆ ಒಂದು ಹದ ಸಿಗುತ್ತದೆ.

ಕೆಟ್ಟವನಾಗಿ ಆಡಿದರೆ ಹೊಸದೆಲ್ಲ ಕಾಣುತ್ತದೆ ಎಂಬುದನ್ನು ನಂಬಬೇಡಿ. 2023ರ ‘ಬಾಲ್ಡರ್ಸ್ ಗೇಟ್ 3’ರ ಮೊದಲ ಅಂಕದಲ್ಲಿ ನಿರಾಶ್ರಿತರಿರುವ ಮರಗಳ ತೋಪನ್ನು ಕಾಪಾಡದೆ ದಾಳಿಕೋರರ ಪಕ್ಷ ಸೇರಿದರೆ ವಿಲ್ ಮತ್ತು ಕಾರ್ಲಾಕ್ ಎಂಬ ಸಂಗಾತಿಗಳು ನಿಮ್ಮನ್ನು ಬಿಟ್ಟುಹೋಗುತ್ತಾರೆ. ತೋಪಿನ ಜನ ಮುಂದೆ ಎಲ್ಲೆಲ್ಲಿ ಬರಬೇಕಿತ್ತೋ ಆ ಕ್ವೆಸ್ಟ್‌ಗಳೂ ಅವರೊಂದಿಗೇ ಹೋಗುತ್ತವೆ. ಸತ್ತವರು ಹೊಸ ಕ್ವೆಸ್ಟ್ ಕೊಡುವುದಿಲ್ಲ, ಹೀಗಾಗಿ ಇಂಥ ದಾರಿಗಳು ಬಹುತೇಕ ಎಲ್ಲ ಗೇಮ್‌ಗಳಲ್ಲೂ ಖಾಲಿ ಖಾಲಿ. ಆ ಗೇಮಿನ ಎರಡನೇ ಸುತ್ತಿಗೆ ಡಾರ್ಕ್ ಅರ್ಜ್ ಎಂಬ, ಆರಂಭದಲ್ಲೇ ಆರಿಸಬಹುದಾದ ಪೂರ್ವಕಥೆಯ ಪಾತ್ರ ಹೆಚ್ಚು ಸರಿ. ತೋಪನ್ನು ಉಳಿಸಿಕೊಂಡೇ ಮುಖ್ಯ ಕಥೆಗೆ ಹೊಸ ಬೇರು ಸಿಗುತ್ತದೆ.

ಇನ್ನು ಸಣ್ಣವು. ಎರಡನೇ ಸುತ್ತಿನಲ್ಲಿ ಡಿಫಿಕಲ್ಟಿ ಒಂದು ಮೆಟ್ಟಿಲು ಇಳಿಸಿ, ಕಾದಾಟದ ಗಂಟೆಗಳು ಕಡಿಮೆಯಾಗುತ್ತವೆ. ಓದಿದ ಸಾಲುಗಳನ್ನು ಮಾತ್ರ ಹಾರಿಸುವ ಸೌಲಭ್ಯವಿದ್ದರೆ ಬಳಸಿ. ಎಲ್ಲವನ್ನೂ ಹಾರಿಸುವ ಬಟನ್ ಬದಲಾದ ಸಾಲನ್ನೂ ನುಂಗಿಬಿಡುತ್ತದೆ. ಪ್ರತಿ ಅಂಕದ ಆರಂಭದಲ್ಲಿ ಒಂದು ಪ್ರತ್ಯೇಕ ಸೇವ್ ಇಟ್ಟುಕೊಳ್ಳಿ. ಹೊಸ ಸುತ್ತು ಶುರುಮಾಡುವ ಮೊದಲು ಹಳೆಯ ಆಟೋಸೇವ್ ಮೇಲೆ ಹೊಸದು ಬರೆಯಲ್ಪಡುವುದೇ ಎಂದು ನೋಡಿಕೊಳ್ಳಿ, ಎಷ್ಟೋ ಗೇಮ್‌ಗಳಲ್ಲಿ ಬರೆಯಲ್ಪಡುತ್ತದೆ.

ಮುಂದಿನ ಸಲ ಗೆಳೆಯರ ನಡುವೆ ಈ ಮಾತು ಎದ್ದಾಗ, ಇಡೀ ಗೇಮಿನ ಬಗ್ಗೆ ತೀರ್ಪು ಕೇಳಬೇಡಿ, ಇಬ್ಬರೂ ಆಡಿದ ಒಂದೇ ದೃಶ್ಯ ಆರಿಸಿ. ಆ ದೃಶ್ಯ ನಿಮಗೆ ಹೇಗೆ ಬಂತು, ಅವರಿಗೆ ಹೇಗೆ ಬಂತು, ವ್ಯತ್ಯಾಸ ಘಟನೆಯಲ್ಲೋ ಮಾತಿನಲ್ಲೋ ಅಥವಾ ಕೇಳಿದವರ ಮನಸ್ಸಿನಲ್ಲೋ ಎಂದು ಪಕ್ಕಪಕ್ಕ ಇಟ್ಟು ನೋಡಿ. ನಟನೆ ಮತ್ತು ಸಂಗೀತ ಚೆನ್ನಾಗಿದ್ದದ್ದನ್ನು ಬರವಣಿಗೆಯ ಲೆಕ್ಕಕ್ಕೆ ಸೇರಿಸಬೇಡಿ. ಸಬ್‌ಟೈಟಲ್ ಹಾಕಿ ಧ್ವನಿ ಮುಚ್ಚಿ ಅದೇ ದೃಶ್ಯವನ್ನು ಓದಿದರೆ ಬರವಣಿಗೆ ಎಷ್ಟು, ಉಳಿದದ್ದು ಎಷ್ಟು ಎಂದು ತಿಳಿಯುತ್ತದೆ. ಎರಡು ಗಂಟೆಯ ಗೇಮನ್ನು ನೂರು ಗಂಟೆಯ ಗೇಮಿನ ಜೊತೆ ಹೋಲಿಸುವಾಗ, ಆ ನೂರರಲ್ಲಿ ಕಥೆ ಮುಂದುವರಿದ ಗಂಟೆಗಳನ್ನು ಮಾತ್ರ ಎಣಿಸಿ.